ಹಿಟ್ಟಿನಡಿಯ ಕೋಳಿ

ಊರು ಇನ್ನೂ ಮಗ್ಗುಲು ಬದಲಿಸುತ್ತಿರುವ ಹೊತ್ತು. ಬೇಕರಿಯ ಹಿಂಬದಿ ಕೋಣೆಯಲ್ಲಿ ಒಂದೇ ದೀಪ. ಅದರ ಕೆಳಗೆ ನಿಂತ ಹೆಂಗಸೊಬ್ಬರು ಮೊಣಕೈವರೆಗೆ ತೊಳೆದ ಬರಿತೋಳಿನಲ್ಲಿ ಹಿಟ್ಟು ನಾದುತ್ತಿದ್ದಾರೆ. ನಡುನಡುವೆ ಒಂದು ಸಣ್ಣ ಉಂಡೆ ಚಿವುಟಿ, ಎರಡೂ ಕೈಯಿಂದ ಹಿಗ್ಗಿಸಿ, ತೆಳ್ಳಗಾದದ್ದನ್ನು ಎಡ ಮುಂಗೈ ಮೇಲೆ ಹೊದಿಸಿ ದೀಪಕ್ಕೆ ಹಿಡಿಯುತ್ತಾರೆ. ಆ ಮುಂಗೈಯಲ್ಲಿ ಒಂದು ಹುಂಜದ ಹಚ್ಚೆಯಿದೆ. ಹಿಟ್ಟಿನೊಳಗಿಂದ ಅದರ ಜುಟ್ಟು ಕಂಡರೆ ಹದ ಬಂದಿದೆ ಎಂದು ಲೆಕ್ಕ. ಕಾಣದಿದ್ದರೆ ಇನ್ನೂ ನಾದಬೇಕು.

"ಕೋಳಿ ಕಾಣ್ತಾ?" ಒಲೆ ನೋಡಿಕೊಳ್ಳುವವರು ಆಚೆಯಿಂದ ಕೇಳುತ್ತಾರೆ.

"ಜುಟ್ಟು ಬಂತು. ಒಲೆ ಕಾಯ್ಲಿ."

ಇಲ್ಲಿ ಎಲ್ಲರಿಗೂ ಇವರು ಕೋಳಿಯಕ್ಕ. ಬಲಗೈಯಲ್ಲಿ ಮಣಿಕಟ್ಟಿನಿಂದ ಹೆಗಲಿನವರೆಗೆ ಹಬ್ಬಿದ ಕುಂಬಳಬಳ್ಳಿಯೂ ಇದೆ, ಆದರೆ ಹೆಸರು ಹುಂಜಕ್ಕೇ ಹೋಯಿತು. ದಿನಕ್ಕೆ ನಾನೂರು ಬ್ರೆಡ್ಡು ಇವರ ಕೈ ದಾಟಿ ಮನೆಮನೆಗೆ ಹೋಗುತ್ತದೆ. ತಿನ್ನುವವರು ಮಾತ್ರ ಇವರ ಮುಖ ಕಂಡಿಲ್ಲ. ಇಪ್ಪತ್ತು ವರ್ಷದ ಹಿಂದೆ ಕೆಲಸಕ್ಕೆ ಸೇರಿಸಿಕೊಂಡಾಗಲೇ ಯಜಮಾನರು ಗಿರಾಕಿಗಳ ಕಣ್ಣಿಗೆ ಬೀಳಬಾರದು ಎಂದು ಷರತ್ತು ಹಾಕಿದ್ದರು. ಬಣ್ಣ ಬ್ರೆಡ್ಡಿಗೆ ಇಳಿಯುತ್ತದೆ ಎಂದು ಜನ ಹೆದರುತ್ತಾರಂತೆ.

ಹಚ್ಚೆಯ ಹಿಂದೆ ಏನೋ ನೋವಿರಬೇಕು ಎಂದು ನಾನೂ ಎಲ್ಲರಂತೆ ಅಂದುಕೊಂಡೇ ಬಂದವನು. ಬರೆಯುವವನಿಗೆ ನಾಲ್ಕು ಹನಿ ಕಣ್ಣೀರು ಸಿಕ್ಕರೆ ಲಾಭವಲ್ಲವೇ? ಕೋಳಿಯಕ್ಕ ನನ್ನ ಆಸೆಗೆ ತಣ್ಣೀರು ಎರಚುತ್ತಾರೆ.

"ಸತ್ತವರ ನೆನಪೂ ಅಲ್ಲ, ಯಾರ ಮೇಲಿನ ಸಿಟ್ಟೂ ಅಲ್ಲ. ಚೆನ್ನಾಗಿತ್ತು, ಹಾಕಿಸ್ಕೊಂಡೆ. ಗಂಡಸು ಮೀಸೆ ಬಿಟ್ರೆ ಯಾವ ದುಃಖಕ್ಕೆ ಬಿಟ್ಟೆ ಅಂತ ಕೇಳ್ತೀರಾ?"

ಕೇಳುವುದಿಲ್ಲ, ನಿಜ. ನನಗೂ ಮೀಸೆಯಿದೆ.

ಈ ಇಷ್ಟಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಹರೆಯದಲ್ಲಿ ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಮುಖಕ್ಕಿಂತ ಮೊದಲು ತೋಳು ನೋಡಿ ಬಾಗಿಲು ಹಾಕಿದರು. ಬಾಡಿಗೆ ಮನೆಯ ಒಡತಿಯೊಬ್ಬಳು ಜೈಲಿಗೇನಾದರೂ ಹೋಗಿದ್ದೆಯಾ ಎಂದು ಕೇಳಿದಳಂತೆ. ಹೋಗಿದ್ದರೆ ಬಾಡಿಗೆ ಉಳಿಯುತ್ತಿತ್ತು ಎಂದರಂತೆ ಇವರು. ಮನೆ ಸಿಗಲಿಲ್ಲ. ತಂಗಿಯ ಮದುವೆಯಲ್ಲಿ ಫೋಟೋ ತೆಗೆಯುವ ಹೊತ್ತಿಗೆ ತಾಯಿ ಶಾಲು ತಂದು ಹೊದಿಸಲು ಬಂದರು. ಹೊದೆಯಲಿಲ್ಲ, ಫೋಟೋಗೂ ನಿಲ್ಲಲಿಲ್ಲ. "ಆ ಫೋಟೋದಲ್ಲಿ ನಾನಿಲ್ಲ. ಮೇಜಿನ ಮೇಲೆ ನಾನು ಮಾಡಿದ ಬ್ರೆಡ್ಡಿದೆ" ಎಂದು ನಗುತ್ತಾರೆ. ಆ ನಗು ನನಗೆ ಅಷ್ಟು ಸಲೀಸಾಗಿ ಕಾಣುವುದಿಲ್ಲ. ತಾಯಿ ಎರಡು ಬೀದಿಯಾಚೆಯೇ ಇದ್ದಾರೆ, ಒಂದು ದಿನವೂ ಬೇಕರಿಗೆ ಕಾಲಿಟ್ಟಿಲ್ಲ.

ಈಗ ಕಾಲ ಸ್ವಲ್ಪ ತಿರುಗಿದೆ. ಕಾಲೇಜಿನ ಹುಡುಗಿಯರು ಹಿಂಬಾಗಿಲಿಗೆ ಬಂದು ತೋಳಿನ ಫೋಟೋ ತೆಗೆದುಕೊಳ್ಳುತ್ತಾರೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಆಚೀಚೆ ನೋಡಿ, ಕಾಲುಚೀಲ ಕೆಳಗೆ ಸರಿಸಿ, ತಮ್ಮ ಪುಟ್ಟ ನಕ್ಷತ್ರವನ್ನು ತೋರಿಸಿ ಮತ್ತೆ ಮುಚ್ಚಿಕೊಂಡರಂತೆ. ಕೋಳಿಯಕ್ಕನಿಗೆ ಇದರಿಂದ ಖುಷಿಗಿಂತ ಕೋಪವೇ ಹೆಚ್ಚು. "ಅವರದ್ದು ಕಾಲುಚೀಲದೊಳಗಿದ್ರೆ ಫ್ಯಾಷನ್ನು. ನನ್ನದು ಹಿಟ್ಟಿನೊಳಗಿದ್ರೆ ಕೊಳಕು."

ಕಾಲ ತಿರುಗಿದ್ದು ಯಜಮಾನರಿಗೂ ಗೊತ್ತು, ಅರ್ಧ ಮಾತ್ರ. ಜನರಿಗೆ ಬ್ರೆಡ್ಡು ಮಾಡುವುದನ್ನು ನೋಡುವ ಹುಚ್ಚು ಹತ್ತಿದೆಯೆಂದು ಬೇಕರಿಯ ಮುಂಗೋಡೆ ಒಡೆಸಿ ಗಾಜು ಹಾಕಿಸಿದರು. ಗಾಜಿನ ಹಿಂದೆ ನಾದುವ ಮೇಜು. ಕೋಳಿಯಕ್ಕನಷ್ಟು ಚೆಂದ ನಾದುವವರು ಇನ್ನೊಬ್ಬರಿಲ್ಲ, ಹಾಗಾಗಿ ಆ ಜಾಗ ಅವರಿಗೇ. ಜೊತೆಗೆ ಎರಡು ಬಿಳಿ ತುಂಬುತೋಳಿನ ಅಂಗಿ. ತೊಟ್ಟರೆ ಗಾಜಿನ ಮುಂದೆ, ಇಲ್ಲದಿದ್ದರೆ ಆ ಮೇಜಿಗೆ ಬೇರೆಯವರು, ಇವರು ಕೊನೆತನಕ ಹಿಂಬದಿಯಲ್ಲೇ.

ಆ ಮೇಜು ಅವರಿಗೆ ಬೇಕಿತ್ತು. ಇಪ್ಪತ್ತು ವರ್ಷ ಗೋಡೆ ನೋಡುತ್ತ ನಾದಿದವರಿಗೆ ಬೀದಿ ನೋಡುತ್ತ ನಾದುವ ಆಸೆ ಇರುವುದಿಲ್ಲವೇ? ಹೋದ ವಾರ ತಾಲೀಮಿಗೆಂದು ಹಲ್ಲು ಕಚ್ಚಿ ಅಂಗಿ ತೊಟ್ಟರು. ಅಭ್ಯಾಸಬಲ ನೋಡಿ, ಹಿಟ್ಟು ಹಿಗ್ಗಿಸಿ ತೋಳಿನ ಮೇಲೆ ಹೊದಿಸಿದರು. ಕೋಳಿ ಕಾಣಲಿಲ್ಲ. ಮತ್ತೆ ನಾದಿದರು, ಆಗಲೂ ಇಲ್ಲ. ಹದ ಬಂದಿಲ್ಲವೆಂದು ಅಷ್ಟನ್ನೂ ಎತ್ತಿ ಕಲಸುವ ಯಂತ್ರಕ್ಕೆ ಹಾಕಿದರು. ಹಿಟ್ಟು ಹದ ಮೀರಿ ಹರಿದು ಅಂಟಂಟಾದಾಗಲೇ ಕಣ್ಣು ತಮ್ಮ ಅಂಗಿಯ ಬಿಳಿ ತೋಳಿನ ಮೇಲೆ ಬಿದ್ದದ್ದು. ಒಲೆಯವರು ನೆಲದಲ್ಲಿ ಕೂತು ನಕ್ಕರಂತೆ.

"ನಾನೂ ನಕ್ಕೆ. ಆಮೇಲೆ ಹೊಟ್ಟೆ ಉರೀತು. ನನ್ನ ಕೈ ನನಗೇ ಕಾಣದ ಹಾಗೆ ಮಾಡ್ಕೊಂಡಿದ್ದೆನಲ್ಲ ಅಂತ. ಅಂಗಿ ಬಿಚ್ಚಿಟ್ಟೆ. ಮುಂದೆ ನಿಂತ್ರೆ ಹೀಗೇ ನಿಲ್ತೀನಿ, ಬೇಡ ಅಂದ್ರೆ ಕೆಲಸಾನೇ ಬಿಡ್ತೀನಿ ಅಂದೆ."

ಯಜಮಾನರು ಆಗ ಉತ್ತರ ಕೊಟ್ಟಿರಲಿಲ್ಲ. ಇವತ್ತು ಗಾಜಿನ ಮುಂಭಾಗವನ್ನು ಗಿರಾಕಿಗಳಿಗೆ ತೆರೆಯುವ ದಿನ. ಅವರು ಬರುವ ಮೊದಲೇ ಕೋಳಿಯಕ್ಕ ಅಂಗಿಗಳನ್ನು ಮಡಚಿ ಅವರ ಕುರ್ಚಿಯ ಮೇಲಿಡುತ್ತಾರೆ, ಹಿಟ್ಟಿನ ಪಾತ್ರೆ ಹೊತ್ತು ಗಾಜಿನ ಹಿಂದೆ ಹೋಗಿ ನಿಲ್ಲುತ್ತಾರೆ. ಜನ ನೋಡಿ ಆಡಿಕೊಂಡರೆ ಎಂದು ಕೇಳುತ್ತೇನೆ. "ಕುಂಬಳಕಾಯಿ ಕಳ್ಳ ಅಂದ್ರೆ ಬೇರೆಯವರು ಹೆಗಲು ಮುಟ್ಟಿ ನೋಡ್ಕೋತಾರೆ. ನನ್ನ ಹೆಗಲಲ್ಲಿ ಬಳ್ಳೀನೇ ಇದೆ, ಮುಟ್ಟಿ ನೋಡೋದೇನು?"

ಬೆಳಕು ಹರಿಯುತ್ತದೆ. ನಾನು ಬೀದಿಗೆ ಬಂದು ನಿಲ್ಲುತ್ತೇನೆ. ಶಾಲೆಗೆ ಹೊರಟ ಮಕ್ಕಳು ಗಾಜಿಗೆ ಮೂಗು ಒತ್ತಿ ನಿಲ್ಲುತ್ತಾರೆ, ಹಿಂದೆಯೇ ದೊಡ್ಡವರು. ಯಜಮಾನರು ಬಂದು ಆ ಗುಂಪಿನ ಹಿಂದೆ ನಿಲ್ಲುತ್ತಾರೆ. ಮುದುಕರೊಬ್ಬರು ಅವರತ್ತ ತಿರುಗಿ ಆ ಬಣ್ಣ ಹಿಟ್ಟಿಗೆ ಬಿಡುವುದಿಲ್ಲವೇ ಎಂದು ಕೇಳುತ್ತಾರೆ. ಯಜಮಾನರು ಗಾಜಿನೊಳಗೊಮ್ಮೆ ನೋಡುತ್ತಾರೆ.

"ಇಪ್ಪತ್ತು ವರ್ಷದಿಂದ ತಿಂತಾ ಇದ್ದೀರಿ. ಬಿಟ್ಟಿದ್ಯಾ?"

ಅಷ್ಟು ಹೇಳಿ ಒಳಗೆ ಹೋಗಿ ಕುರ್ಚಿಯ ಮೇಲಿನ ಅಂಗಿಗಳನ್ನು ಕಪಾಟಿಗೆ ಸೇರಿಸುತ್ತಾರೆ. ಕೋಳಿಯಕ್ಕನಿಗೆ ಗಾಜಿನಾಚೆಯ ಮಾತು ಕೇಳಿಸಿಲ್ಲ. ನಾನು ಒಳಗೆ ಹೋಗಿ ಹೇಳಿದಾಗ ತಲೆಯಾಡಿಸಿ ಇನ್ನೊಂದು ಮುದ್ದೆ ಹಿಟ್ಟು ಎಳೆದುಕೊಳ್ಳುತ್ತಾರೆ.

ಇನ್ನೇನು ಆಸೆ ಎಂದು ಕೇಳುತ್ತೇನೆ. ನಾದುವ ಕೈ ನಿಲ್ಲುವುದಿಲ್ಲ.

"ಅಮ್ಮ ಒಂದು ದಿನ ಬಂದು ಆ ಗಾಜಿನಾಚೆ ನಿಲ್ಲಬೇಕು. ಬಿಸಿ ಬ್ರೆಡ್ಡು ನಾನೇ ತಗೊಂಡು ಹೋಗಿ ಕೊಡ್ತೀನಿ. ಆದ್ರೆ ಅವತ್ತೂ ತೋಳು ಮುಚ್ಚಲ್ಲ."