ಮೂರನೆಯ ಮನೆತನ

ಪ್ರಯೋಗಾಲಯದಲ್ಲಿ ಅವಳಿಗೆ ವಂಶಾವಳಿ ಅಕ್ಕ ಎಂದೇ ಹೆಸರು. ತಮ್ಮನ್ನು ಕೊಲ್ಲಬಂದ ಔಷಧವನ್ನೇ ತುಂಡರಿಸಿ ಹಾಕುವ ಕಿಣ್ವಗಳು ಕೆಲವು ಬ್ಯಾಕ್ಟೀರಿಯಾಗಳಲ್ಲಿ ಇರುತ್ತವೆ. ಅವುಗಳಲ್ಲಿ ಯಾವುದು ಯಾವುದಕ್ಕೆ ಒಡಹುಟ್ಟು, ಯಾವುದು ದೂರದ ದಾಯಾದಿ ಎಂದು ಗೊತ್ತುಮಾಡುವುದು ಅವಳ ಕೆಲಸ. ಒಂದೊಂದು ಕಿಣ್ವವೂ ಅಕ್ಷರಗಳ ಒಂದು ಉದ್ದನೆಯ ಸರ. ಸರಗಳನ್ನು ಒಂದರ ಕೆಳಗೊಂದು ಹೊಂದಿಸಿ ಕಂಪ್ಯೂಟರಿಗೆ ಕೊಟ್ಟರೆ ಅದು ವಂಶವೃಕ್ಷ ಬಿಡಿಸುತ್ತದೆ. ಕಿಟಕಿಯಿಲ್ಲದ ಕೋಣೆ, ಬೆನ್ನ ಹಿಂದೆ ಸದಾ ಗುಂಯ್‌ಗುಡುವ ಫ್ರೀಜರು. “ಕಂಡವರ ವಂಶ ಬೆಳೆಸಿದ್ದಾಯ್ತು, ನಮ್ಮದರ ಗತಿ ಏನೇ?” ಎಂದು ಅಮ್ಮ ಆಗಾಗ ಚುಚ್ಚುತ್ತಿದ್ದರು. ಅವಳು ನಕ್ಕು ಕೆಲಸಕ್ಕೆ ಹೊರಡುತ್ತಿದ್ದಳು.

ಮೊದಲು ಈ ಕಿಣ್ವಗಳಿಗೆ ಎರಡೇ ಮನೆತನವಿತ್ತು. ಮೂರನೆಯದನ್ನು ಕಂಡುಹಿಡಿದವರು ಅವಳ ಗುರುಗಳು, ಅದರ ಮರ ಬಿಡಿಸಿದವಳು ಅವಳು. ಅವರಿಗೆ ಕೀರ್ತಿ ಬಂತು, ಅವಳಿಗೆ ಪದವಿಯೂ ಕೆಲಸವೂ ಸಿಕ್ಕವು. ಈ ಕಿಣ್ವಗಳ ಬೆನ್ನು ಹತ್ತಿದವರು ಲೋಕದಲ್ಲೆಲ್ಲ ಸೇರಿ ಒಂದು ಬಸ್ಸಿಗೆ ಆಗುವಷ್ಟು ಮಂದಿ. ಅಷ್ಟೂ ಜನ ಹೌದೆಂದು ತಲೆದೂಗಿದರು. ಗುರುಗಳು ಬಹಳ ಒಳ್ಳೆಯವರು. ಅವಳ ಅಪ್ಪ ಕೊನೆಯುಸಿರೆಳೆಯುವಾಗ ಆಸ್ಪತ್ರೆಯ ಬೆಂಚಿನ ಮೇಲೆ ಸ್ವಂತ ತಮ್ಮನಂತೆ ಕಾದು ಕುಳಿತಿದ್ದವರು.

ಒಂದು ಮಧ್ಯಾಹ್ನ ಹಳೆಯ ಸರಗಳನ್ನು ತಿರುವುತ್ತಿದ್ದಾಗ ಮೂರನೆಯ ಮನೆತನದವರೆಲ್ಲರ ತುದಿಯಲ್ಲಿ ಒಂದೇ ತೆರನಾದ ಅಕ್ಷರಗಳ ಸಾಲು ಅವಳ ಕಣ್ಣಿಗೆ ಬಿತ್ತು. ಅದು ಹುಟ್ಟಿನಿಂದ ಬಂದದ್ದಲ್ಲ. ಬ್ಯಾಕ್ಟೀರಿಯಾದ ರಸದಿಂದ ಬೇಕಾದ ಕಿಣ್ವವನ್ನು ಹಿಡಿದೆತ್ತಲು, ಪಾತ್ರೆಗೆ ಹಿಡಿ ಹಚ್ಚಿದ ಹಾಗೆ, ಪ್ರಯೋಗಾಲಯದವರೇ ಅಂಟಿಸುವ ಬಾಲ. ಕತ್ತರಿಸಿ ತೆಗೆಯಬೇಕಾಗಿದ್ದ ಬಾಲವನ್ನು ಹಾಗೆಯೇ ಬಿಟ್ಟು ಅವಳು ಮರ ಬಿಡಿಸಿದ್ದಳು. ಒಂದೇ ಅಂಗಡಿಯ ಅಂಗಿ ತೊಟ್ಟವರನ್ನೆಲ್ಲ ಅಣ್ಣತಮ್ಮಂದಿರೆಂದು ಬರೆದಂತಾಗಿತ್ತು.

ಅವಳು ಗುರುಗಳ ಕೋಣೆಗೆ ಹೋಗಿ ವಿಷಯ ಹೇಳಿದಳು. ಅವರು ಬೆಚ್ಚಿಬೀಳಲಿಲ್ಲ.

“ಬಾಲ ತೆಗೆದು ನೋಡಿದ್ಯಾ?”

“ನೋಡ್ದೆ ಸರ್. ಅರ್ಧ ಮೊದಲ್ನೇ ಮನೆಗೆ ಹೋಗ್ತವೆ, ಅರ್ಧ ಎರಡನೇದಕ್ಕೆ. ಮೂರನೇದು ಅಂತ ಒಂದು ಇರೋದೇ ಇಲ್ಲ.”

ಗುರುಗಳು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ನಿಧಾನವಾಗಿ ಒರೆಸಿದರು. “ನಾನೂ ಹೋದ ವರ್ಷವೇ ನೋಡ್ದೆ ಕಣಮ್ಮ. ನಾನು ನಿವೃತ್ತಿ ಆಗೋವರೆಗೆ ಸುಮ್ನಿರು, ಆಮೇಲೆ ನೀನೇ ಬರಿ. ನಾನು ತಡೆಯಲ್ಲ. ಆದ್ರೆ ನಿನ್ನ ಪದವೀನೂ ಅದೇ ಕೊಂಬೆ ಮೇಲೆ ಕೂತಿದೆ ಅನ್ನೋದು ಮರೀಬೇಡ.”

ಅತ್ತ ದರಿ, ಇತ್ತ ಪುಲಿ. ಅವಳು ತಲೆಯಾಡಿಸಿ ಹೊರಬಂದಳು. ಅಂದಿನಿಂದ ಆ ಕೋಣೆ ಇನ್ನಷ್ಟು ಇಕ್ಕಟ್ಟಾಯಿತು. ಅದೇ ಬಾಲ ಬಳಸುವ ಬೇರೆ ಊರಿನವರು ತಮ್ಮ ಕಿಣ್ವದ ಸರವನ್ನು ಕಳಿಸಿ, ಇದು ಯಾವ ಮನೆಯದು ಎಂದು ಅವಳನ್ನೇ ಕೇಳುತ್ತಿದ್ದರು. ಮೂರನೆಯದು ಎಂದು ಉತ್ತರಿಸುವಾಗಲೆಲ್ಲ ಇಲ್ಲದ ಮನೆಗೆ ಇನ್ನೊಬ್ಬರನ್ನು ದತ್ತು ಕೊಟ್ಟಂತೆ ಅವಳಿಗೆ ಅನಿಸುತ್ತಿತ್ತು.

ಗುರುಗಳು ನಿವೃತ್ತರಾಗಿ, ಕುರ್ಚಿಯೂ ಕೋಣೆಯೂ ಅವಳಿಗೆ ಬಂದವು. ತಪ್ಪೊಪ್ಪಿಗೆಯ ಲೇಖನವನ್ನು ಅವಳು ಬರೆದು ಮುಗಿಸಿದ್ದಳು, ಕಳಿಸುವುದೊಂದೇ ಬಾಕಿ. ಅಷ್ಟರಲ್ಲಿ ಗುರುಗಳ ಫೋನುಗಳು ಶುರುವಾದವು. ಮರೆವು ಅವರನ್ನು ಮೆಲ್ಲಗೆ ತಿನ್ನತೊಡಗಿತ್ತು. ಹೆಂಡತಿಯ ಹೆಸರಿಗೂ ತಡವರಿಸುತ್ತಿದ್ದವರು ಇದೊಂದನ್ನು ಮಾತ್ರ ತಪ್ಪದೆ ಕೇಳುತ್ತಿದ್ದರು:

“ನಮ್ಮ ಮೂರನೇ ಮನೆತನ ಹೇಗಿದೆಯಮ್ಮ?”

ಆ ಮಧ್ಯಾಹ್ನದ ಮಾತನ್ನು ಅವರು ನಿಜವಾಗಿಯೂ ಮರೆತಿದ್ದರೋ, ಅಥವಾ ಉಳಿಸಿಕೊಡು ಎಂದು ಅಂಗಲಾಚುತ್ತಿದ್ದರೋ, ಅವಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

“ಚೆನ್ನಾಗಿದೆ ಸರ್,” ಎಂದಳು. “ಮೊನ್ನೆ ಇನ್ನೆರಡು ಸೇರಿಕೊಂಡವು.”

ಅತ್ತ ಕಡೆ ಗುರುಗಳು ಮಗುವಿನಂತೆ ನಕ್ಕರು. ಅವಳು ಫೋನ್ ಇಟ್ಟು, ಮೊನ್ನೆಯಿಂದ ಉತ್ತರಕ್ಕಾಗಿ ಕಾದಿದ್ದ ಎರಡು ಸರಗಳನ್ನು ತೆರೆದು, ಬಾಲ ಕತ್ತರಿಸದೆ ಮರಕ್ಕೆ ಸೇರಿಸಿದಳು.