ಹಸಿ ಬಣ್ಣದ ಬೋಗ್ಯಾಗ ಖಿಡಕಿ ಸೀಟು

ಇವತ್ತ ನಮ್ಮ ಕಟ್ಟಿಮ್ಯಾಲ ರೈಲಿನ ಸೀಟಿಗೆ ಜಗಳ ಆತು ನೋಡ್ರಿ ಗೆಳೆಯಾರ. ಗಜೇಂದ್ರಗಡಕ್ಕ ರೈಲು ಯಾವಾಗ ಬಂತು ಅನಬ್ಯಾಡ್ರಿ. ರಟ್ಟು, ತೆಳು ಹಲಗಿ ಕೊರದು ನಾ ಮಾಡಿದ ಮೊಳದುದ್ದದ ಬೋಗಿ ಅದು. ಕೆಂಪು ಬಣ್ಣ ಬಳದು, ಹಳದಿ ಪಟ್ಟಿ ಎಳದು, ಬಿಸಲಿಗೆ ಒಣಗಾಕ ಇಟ್ಟಿದ್ನಿ.

ಕೈ ತೊಳಕೊಂಡು ಬರೂದ್ರಾಗ ಮೂರನೇ ಖಿಡಕ್ಯಾಗ ಒಂದು ಹಸರ ರೇಷ್ಮಿ ಎಳಿ. ಬಾಜೂ ಮನ್ಯಾಗ ಸೀರಿ ನೇಯೂ ಶಂಕ್ರವ್ವ ಕಾಕು ಅಲ್ಲೇ ನಿಂತಿದ್ಲು.

“ಬಣ್ಣ ಇನ್ನೂ ಹಸಿ ಐತಿ, ಇದೇನ ಮಾಡಿದಿ ಕಾಕು?”

“ಸೀಟ ಹಿಡದೀನಿ. ಟಾವೆಲ್ ಹಾಕಿದ್ರ ಇಡೀ ಬೋಗೀನ ಮುಚ್ಚತಿತ್ತು.”

ಒಳಗಿಂದ ನಮ್ಮ ಮಾವ ಬಂದ್ರು. “ಆ ಖಿಡಕಿ ನಂದು. ರಟ್ಟು ಕೊರಿಯೂ ದಿನದಿಂದ ನೋಡಿಟ್ಟೀನಿ.”

“ನೋಡಿದವ್ರಿಗಲ್ರಿ, ಹಾಕಿದವ್ರಿಗೆ ಸೀಟು,” ಅಂದ್ಲು ಕಾಕು. “ಬಸ್ ಸ್ಟ್ಯಾಂಡಿನ್ಯಾಗ ಯಾರನ್ನರ ಕೇಳ್ರಿ.”

ಸಿಟ್ಟಿಲೆ ಎಳಿ ಕೀಳಾಕ ಬಗ್ಗಿದ್ನಿ. ಖಿಡಕಿಯೊಳಗಿಂದ ಆಕಡಿ ಗುಡ್ಡ, ಅದರ ಮ್ಯಾಲಿನ ಕ್ವಾಟಿ ಕಂಡ್ವು. ಮೋಡದ ನೆರಳು ಗುಡ್ಡದ ಮ್ಯಾಲೆ ಸರೀತಿತ್ತು. ನಿಂತ ಬೋಗಿ ಮೆಲ್ಲಕ ಹೊಂಟಂಗ ಅನಿಸಿತು. ನಾ ಎಳಿ ಕೀಳೂದು ಬಿಟ್ಟು ನೋಡಕೋತ ನಿಂತದ್ದ ಕಂಡು ಅವರಿಬ್ಬರೂ ಬಗ್ಗಿ ಖಿಡಕ್ಯಾಗ ಇಣುಕಿದ್ರು.

“ಬೆಳವಣಕಿ ಸ್ಟೇಶನ್ ದಾಟಿತೇನ?” ಅಂದ್ರು ಮಾವ.

“ಇನ್ನೂ ಇಲ್ರಿ. ಈಗರ ರಾಜೂರ ಬಂತು,” ಅಂದ್ಲು ಕಾಕು.

ಎಳಿ ಬಣ್ಣಕ್ಕ ಅಂಟಿ ಒಣಗೇತಿ, ಹಂಗ ಬಿಟ್ಟೀನಿ. ಸಂಜಿ ಆಗೂದ್ರಾಗ ಓಣಿ ತುಂಬ ಸುದ್ದಿ ಹಬ್ಬಿ, ಈಗ ಒಂದೊಂದು ಖಿಡಕಿಗೂ ಒಂದೊಂದು ಬಣ್ಣದ ಎಳಿ ಬಿದ್ದೈತಿ. ಊರಿಗೆ ಹಳಿ ಬಂದಿಲ್ಲ, ಗಾಡಿ ಮಾತ್ರ ಫುಲ್ ಆಗೇತಿ. ಬೋಗಿ ಕಟ್ಟಿದಾಕಿ ನಾನು, ಬಾಗಲದಾಗ ನಿಂತು ಹೋಗಬೇಕು.