ಪಂಕಜಕ್ಕನ ಒಪ್ಪಿಗೆ

ಬೆಟ್ಟಂಪಾಡಿಯ ಕುಮುದಿನಿಯಲ್ಲಿಗೆ ಬ್ಲೌಸ್ ಹೊಲಿಸಲು ಬಂದವರು ಅಳತೆ ಕೊಟ್ಟು ಸುಮ್ಮನೆ ಹೋಗುವುದಿಲ್ಲ. ಸ್ಟೂಲು ಎಳೆದು ಕೂತು, "ಒಮ್ಮೆ ಕಾರ್ಡು ನೋಡ್ಲಿಕ್ಕೆ ಆಗ್ತದಾ?" ಎಂದು ಶುರು ಮಾಡುತ್ತಾರೆ. ಅವಳು ಹೊಲಿಗೆ ಮಿಷನ್ನಿನ ಡ್ರಾವರಿನಿಂದ ಭವಿಷ್ಯ ನೋಡುವ ಟ್ಯಾರೋ ಕಾರ್ಡಿನ ಕಟ್ಟು ತೆಗೆದು, ಒಂದನ್ನು ಎಳೆಸಿ, ಕಣ್ಣು ಮುಚ್ಚುತ್ತಾಳೆ. ನಂಬುವವರು ನಂಬಲಿ, ಬಿಡುವವರು ಬಿಡಲಿ. ಅವಳಂತೂ ಯಾರನ್ನೂ ಕರೆದವಳಲ್ಲ.

ಕಲಿತದ್ದು ಲಾಕ್‌ಡೌನಿನಲ್ಲಿ, ಮೊಬೈಲಿನ ಕ್ಲಾಸಿನಲ್ಲಿ. ಧ್ಯಾನಕ್ಕೆ ಕೂತರೆ ನಿಮ್ಮನ್ನು ಕಾಯುವ ಆತ್ಮವೊಂದು ಬಂದು ಕಾರ್ಡಿನ ಅರ್ಥ ಹೇಳುತ್ತದೆ ಎಂದಿದ್ದರು ಕಲಿಸುವ ಮೈಸೂರಿನ ಮೇಡಂ. ಕ್ಲಾಸಿನ ಉಳಿದವರಿಗೆಲ್ಲ ಬಿಳಿ ಗಡ್ಡದ ಋಷಿ, ರೆಕ್ಕೆಯ ದೇವತೆ ಎಂದು ಭಾರೀ ಭಾರೀ ಜನ ಬಂದರು. ಕುಮುದಿನಿಗೆ ಬಂದದ್ದು ಅಕ್ಕ ಪಂಕಜಾಕ್ಷಿ. ಇವಳು ಹುಟ್ಟುವ ಮೊದಲೇ, ಮೂರು ವರ್ಷದವಳಿದ್ದಾಗ ಜ್ವರ ಬಂದು ತೀರಿಹೋದವಳು. ಆದರೆ ಬಂದವಳು ಮಗುವಲ್ಲ, ಜಡೆಗೆ ಅಬ್ಬಲಿಗೆ ಮುಡಿದ, ನಲ್ವತ್ತು ದಾಟಿದ ಹೆಂಗಸು. ಸತ್ತವರೂ ಅಲ್ಲಿ ನಮ್ಮ ಹಾಗೆಯೇ ಬೆಳೆಯುತ್ತಾರೆಂಬುದು ಊರಿಗೆಲ್ಲ ಗೊತ್ತು. ಅವರನ್ನು ಕುಲೆ ಎನ್ನುತ್ತಾರೆ. ಮೇಡಂಗೆ ಗೊತ್ತಿರಲಿಲ್ಲ, ಅಷ್ಟೆ.

ಪಂಕಜಕ್ಕ ಹೇಳುವ ಅರ್ಥ ಯಾವ ಪುಸ್ತಕದ್ದೂ ಅಲ್ಲ. ದಿಂಬಿಗೆ ಒರಗಿದ ರಾಣಿಯ ಕಾರ್ಡಿಗೆ ಮೇಡಂ ಸಮೃದ್ಧಿ ಎಂದರೆ, ಅಕ್ಕ, "ಇವಳಿಗೆ ಎಂತ ಕೆಲಸ ಇಲ್ವಾ? ಮನೆಯಲ್ಲಿ ದುಡಿಯುದು ಯಾರು, ಕೇಳು" ಅನ್ನುತ್ತಿದ್ದಳು. ಕೇಳಿದರೆ ಎದುರು ಕೂತವಳ ಕಣ್ಣಲ್ಲಿ ನೀರು. ಗಂಡ ತೀರಿಕೊಂಡ ಮೇಲೆ ಕುಮುದಿನಿಗೆ ಮನಸ್ಸು ಬಿಚ್ಚಿ ಮಾತಾಡಲು ಇದ್ದವಳು ಈ ಅಕ್ಕ ಒಬ್ಬಳೇ.

ತೊಂದರೆ ಬಂದದ್ದು ತಮ್ಮ ಸಂಪ್ರೀತನಿಂದ. ಅವನಿಗೆ ಎರಡು ಸಂಬಂಧ ನಿಶ್ಚಯದವರೆಗೆ ಬಂದು ತಪ್ಪಿತು. ಜೋಯಿಸರು ಕವಡೆ ಹಾಕಿ, ಮದುವೆಯಾಗದ ಹಿರಿಯ ಕುಲೆ ಮನೆಯಲ್ಲುಂಟು, ಮೊದಲು ಅವಳದ್ದಾಗಲಿ ಎಂದರು. ಊರಿನ ಕ್ರಮವೇ ಅದು: ಸತ್ತ ಹುಡುಗಿಗೆ ಸತ್ತ ಹುಡುಗನನ್ನು ಹುಡುಕಿ, ಕುಲ, ಗೋತ್ರದಂಥ ಬಳಿ ತಾಳೆ ನೋಡಿ, ಮಳೆಗಾಲದ ಆಟಿ ತಿಂಗಳಲ್ಲಿ ಧಾರೆ ಎರೆಯುವುದು. ಅಲ್ಲಿಂದ ಅವಳು ಗಂಡನ ಮನೆಯ ಕುಲೆ.

ಮೊದಲು ಮರ್ಕಂಜದಿಂದ ಸಂಬಂಧ ಬಂತು. "ನಿನ್ನಲ್ಲಿ ಬರ್ತಾಳಲ್ಲ, ಅವಳಿಗೆ ಒಪ್ಪಿಗೆ ಉಂಟಾ ಕೇಳು ಕುಮುದಿ" ಎಂದರು ಅಮ್ಮ. ಕುಮುದಿನಿ ಕಣ್ಣೇನೋ ಮುಚ್ಚಿದಳು, ಕೇಳಲಿಲ್ಲ. "ಹುಡುಗ ಬೇಡವಂತೆ" ಎಂದುಬಿಟ್ಟಳು. ಅಕ್ಕ ಹೋದರೆ ತನಗೆ ಯಾರುಂಟು? ಅದು ಸ್ವಾರ್ಥವೆಂದು ಅವಳಿಗೂ ಗೊತ್ತಿತ್ತು.

ಮರುವರ್ಷ ಕೊಯಿಲ ಎಂಬ ಊರಿನದ್ದು ಬಂತು. ಹುಡುಗ ಸೀನ, ಐದು ವರ್ಷದವನಿದ್ದಾಗ ತೋಡಿನ ನೀರಿಗೆ ಬಿದ್ದು ಹೋದವನು. ಈ ಸಲ ಅಮ್ಮ ಎದುರಿಗೇ ಕೂತರು. "ಅವಳಿಗೊಂದು ಸೀರೆ ಉಡಿಸಿ ನೋಡ್ಲಿಕ್ಕೆ ನಂಗೆ ಆಗ್ಲೇ ಇಲ್ಲ ಮಗಾ."

ಕುಮುದಿನಿ ಕಾರ್ಡು ಎಳೆದಳು. ಗಂಡು ಹೆಣ್ಣು ಜೊತೆಗೆ ನಿಂತ ಕಾರ್ಡು. ಅಕ್ಕ ಅದನ್ನು ಬಹಳ ಹೊತ್ತು ನೋಡಿದಳು.

"ಹುಡುಗ ಹೇಗಿದ್ದಾನಂತೆ?" ನಾಚಿಕೊಂಡು ಕೇಳಿದಳು. ಮತ್ತೆ ಮೆಲ್ಲಗೆ, "ಕಳೆದ ವರ್ಷ ನೀನು ನನ್ನಲ್ಲಿ ಕೇಳ್ಲೇ ಇಲ್ಲ, ಅಲ್ವಾ?"

ಕುಮುದಿನಿ ಕಣ್ಣು ಬಿಟ್ಟು, "ಒಪ್ಪಿಗೆ ಉಂಟಮ್ಮ. ಹೋದ ಸಲ ನಾನೇ ಸುಳ್ಳು ಹೇಳಿದ್ದು" ಎಂದಳು. ಅಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮದುವೆಯ ಬ್ಲೌಸ್ ಹೊಲಿದವಳು ಅವಳೇ. ಅಳತೆ ತನ್ನದ್ದೇ, ತೋಳು ಮಾತ್ರ ಒಂದಿಂಚು ಸಡಿಲ; ಅಕ್ಕ ಸ್ವಲ್ಪ ದಪ್ಪ. ಮಣೆಯ ಮೇಲೆ ಸೀರೆ, ಬ್ಲೌಸು, ಪಂಚೆ ಇಟ್ಟು ಧಾರೆಯಾಯಿತು, ಊಟವಾಯಿತು. ಕೊಯಿಲದವರು ಮದುಮಗಳನ್ನು ಕರೆದುಕೊಂಡು ಜೀಪು ಹತ್ತಿದರು.

ಆಮೇಲೆ ಕಣ್ಣು ಮುಚ್ಚಿದರೆ ಬರೀ ಕತ್ತಲೆ. ಸಂಪ್ರೀತನ ಮದುವೆಯೂ ಆಯಿತು. ಕಾರ್ಡು ನೋಡಿಸಲು ಬಂದ ನೆರೆಮನೆಯ ನುಸೈಬಾಳಿಗೆ ಕುಮುದಿನಿ, "ಅಕ್ಕ ಗಂಡನ ಮನೆಯಲ್ಲಿದ್ದಾಳೆ ಮಾರಾಯ್ತಿ. ಹೊಸ ಮದುಮಗಳು ಬರುವ ಆಟಿಗೆ ತವರಿಗೆ ಬರ್ಲೇಬೇಕಲ್ಲ, ಆಗ ಬಾ" ಎಂದಳು.

ಬಂದಳು. ಮರುವರ್ಷದ ಆಟಿಯ ಎರಡನೇ ದಿನ ಬೆಳಿಗ್ಗೆ ಕಣ್ಣು ಮುಚ್ಚಿದರೆ ಎದುರಿಗೆ ಅಕ್ಕ; ಅದೇ ಸೀರೆ, ಅದೇ ಬ್ಲೌಸು. ತೋಳು ಸರಿಯಾಗಿ ಕೂತಿತ್ತು. ಕುಮುದಿನಿ ಖುಷಿಯಲ್ಲಿ ಕಾರ್ಡಿನ ಕಟ್ಟನ್ನೇ ಮುಂದೆ ಹಿಡಿದಳು.

"ಅದಿರಲಿ ಮಾರಾಯ್ತಿ," ಎಂದಳು ಅಕ್ಕ, ಕಾರ್ಡಿನತ್ತ ನೋಡದೆ. "ನಮ್ಮ ಕೊಯಿಲದಲ್ಲಿ ಎಂತ ಆಯ್ತು ಗೊತ್ತುಂಟಾ?"

ನಮ್ಮ ಕೊಯಿಲವಂತೆ! ಕುಮುದಿನಿಗೆ ಹೊಟ್ಟೆಕಿಚ್ಚಾಯಿತು. ಆದರೂ ಕಾರ್ಡು ಒಳಗಿಟ್ಟು, ಮಧ್ಯಾಹ್ನದವರೆಗೆ ಕೇಳುತ್ತ ಕೂತಳು.